ಹಿಟ್ಲರನಿಂದ ತಪ್ಪಿಸಿಕೊಂಡು ಬಂದವರ ಕಾಗದಗಳನ್ನು ಉಳಿಸಿ: ಪತ್ರಾಗಾರ ಇಲಾಖೆಯ ನಿರ್ದೇಶಕರಿಗೆ ಬಹಿರಂಗ ಪತ್ರ

ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯ ನಿರ್ದೇಶಕರಿಗೆ ನಮಸ್ಕಾರ.

ಮೈಸೂರು ಸಂಸ್ಥಾನದ ಹಳೆಯ ಕಡತಗಳು ನಿಮ್ಮ ಸುಪರ್ದಿಯಲ್ಲಿವೆ. ನಾಜಿ ಜರ್ಮನಿಯಿಂದ ಪಾರಾಗಿ ಬಂದ ಯಹೂದಿಗಳ ಕಾಗದಗಳನ್ನು ಅವುಗಳಲ್ಲಿ ಹುಡುಕಿಸಿ, ಕಾಪಾಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಓಟೋ ಕೋನಿಗ್ಸ್‌ಬರ್ಗರ್ ಹೆಸರು ನಿಮಗೆ ಗೊತ್ತಿರುತ್ತದೆ. 1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವರು. 1933ರಲ್ಲಿ ನಾಜಿಗಳು ಯಹೂದಿಗಳನ್ನು ಸರ್ಕಾರಿ ನೌಕರಿಯಿಂದ ಕಿತ್ತುಹಾಕಿದಾಗ ಅವರ ಕೆಲಸವೂ ಹೋಯಿತು. ಈಜಿಪ್ಟ್‌ಗೆ ಹೋದರು. 1939ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನಕ್ಕೆ ವಾಸ್ತುಶಿಲ್ಪಿಯಾಗಿ ಬಂದರು. ಕೃಷ್ಣರಾವ್ ಪಾರ್ಕಿನ ಮಂಟಪ, ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್ಸಿ) ಏರೋನಾಟಿಕ್ಸ್ ಕಟ್ಟಡ ಅವರದ್ದೇ. ಅವರ ಸೋದರಮಾವ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಕೂಡ ಸಿ.ವಿ. ರಾಮನ್ ಕರೆದದ್ದಕ್ಕೆ 1935-36ರಲ್ಲಿ ಐಐಎಸ್ಸಿಗೆ ಬಂದು ಪಾಠ ಮಾಡಿದ್ದರು.

ಇಂಥವರನ್ನು ಸುಮ್ನೆ ವಲಸಿಗರು ಅಂತ ಬಿಡುವ ಹಾಗಿಲ್ಲ. 1933ರಿಂದ 1945ರವರೆಗೆ ನಾಜಿಗಳ ಕಾಟಕ್ಕೆ ಊರು ಬಿಟ್ಟವರನ್ನೂ ವಾಷಿಂಗ್ಟನ್‌ನ ಹೊಲೊಕಾಸ್ಟ್ (ನಾಜಿಗಳು ನಡೆಸಿದ ಯಹೂದಿಗಳ ಹತ್ಯಾಕಾಂಡ) ಮ್ಯೂಸಿಯಂ ಅದರಿಂದ ಬದುಕುಳಿದವರ ಸಾಲಿಗೇ ಸೇರಿಸುತ್ತದೆ.

ಈ ಕುಟುಂಬಗಳ ಟ್ರಂಕಿನಲ್ಲಿ ಎಂಥೆಂಥ ಕಾಗದಗಳಿರುತ್ತವೆ, ನೋಡಿ. ಯಹೂದಿ ಎಂದು ಗುರುತಿಸಲು ಕೆಂಪು 'ಜೆ' ಮುದ್ರೆ ಒತ್ತಿದ ಪಾಸ್‌ಪೋರ್ಟ್. 1939ರಿಂದ ಅದೇ ಗುರುತಿಗಾಗಿ ಗಂಡಸರ ಹೆಸರಿಗೆ ಇಸ್ರೇಲ್, ಹೆಂಗಸರ ಹೆಸರಿಗೆ ಸಾರಾ ಎಂದು ಬಲವಂತವಾಗಿ ಸೇರಿಸಿದ ದಾಖಲೆ. ಯುದ್ಧ ಶುರುವಾದ ಮೇಲೆ ಅಲ್ಲೇ ಉಳಿದ ಬಂಧುಗಳಿಂದ ರೆಡ್ ಕ್ರಾಸ್ ಮೂಲಕ ಬಂದ ಚೀಟಿ. ಅದರಲ್ಲಿ ಬರೆಯಲು ಬಿಡುತ್ತಿದ್ದದ್ದು 25 ಪದ ಅಷ್ಟೇ. ಕ್ಷೇಮ ಅಂತ ಹೇಳುವಷ್ಟರಲ್ಲಿ ಮುಗಿದುಹೋಗುತ್ತದೆ. ಎಷ್ಟೋ ಮನೆಗಳಿಗೆ ಒಂದು ದಿನ ಆ ಚೀಟಿಯೂ ನಿಂತುಹೋಯಿತು.

ಕುಟುಂಬದ ಕಾಗದದಲ್ಲಿ ಕಥೆಯ ಅರ್ಧ ಮಾತ್ರ ಇರುತ್ತದೆ. ಕೆಲಸ ಕೊಟ್ಟವರು ಯಾರು, ಒಳಗೆ ಬಿಡಲು ಶಿಫಾರಸು ಮಾಡಿದ್ದು ಯಾರು? ಬ್ರಿಟಿಷರು ಜರ್ಮನ್ ಯಹೂದಿಗಳನ್ನೂ ಶತ್ರು ದೇಶದವರೆಂದು ಅಹ್ಮದ್‌ನಗರದ ಶಿಬಿರಕ್ಕೆ ಹಾಕಿದ್ದರು. ಆಗ ಯಾರ ಪರ ಯಾರು ಅರ್ಜಿ ಬರೆದರು? ಮೈಸೂರಿಗೆ ಬಂದವರ ಮಟ್ಟಿಗೆ ಇದಕ್ಕೆ ಉತ್ತರ ಇದ್ದರೆ ನಿಮ್ಮ ಕಪಾಟಿನಲ್ಲೇ ಇರಬೇಕು, ಅಲ್ವಾ? ಅಜ್ಜನ ಬಗ್ಗೆ ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಹುಡುಕುತ್ತಿರುವ ಮೊಮ್ಮಗಳಿಗೆ ಬೆಂಗಳೂರಿನಲ್ಲಿ ಕೇಳಬೇಕು ಅನ್ನುವುದು ಹೊಳೆಯುವುದಾದರೂ ಹೇಗೆ?

ಆ ಕಾಲದ ಕಾಗದ ಜಾಸ್ತಿ ದಿನ ಕಾಯುವಂಥದ್ದಲ್ಲ. ಮರದ ತಿರುಳಿನ ಕಾಗದದಲ್ಲಿ ಆಮ್ಲ ಇರುತ್ತದೆ. ತಾನಾಗಿಯೇ ಹಳದಿಯಾಗಿ ಪುಡಿಯಾಗುತ್ತದೆ. ಟೈಪ್ ಮಾಡಿದ ಕಾರ್ಬನ್ ಪ್ರತಿಗಳ ತೆಳು ಹಾಳೆ ಇನ್ನೂ ಸೂಕ್ಷ್ಮ. ತುಕ್ಕು ಹಿಡಿದ ಗುಂಡುಪಿನ್ನು ಸುತ್ತಲಿನ ಕಾಗದವನ್ನೂ ತಿನ್ನುತ್ತದೆ. ಪಿನ್ನು ತೆಗೆಸಿ, ಆಮ್ಲವಿಲ್ಲದ ಹೊದಿಕೆಯಲ್ಲಿ ಇಡಿಸಿ. ದಯವಿಟ್ಟು ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಆಮೇಲೆ ಅದನ್ನು ಬಿಡಿಸಲು ಹೋದರೆ ಕಾಗದವೇ ಹಾಳಾಗುತ್ತದೆ. ಲಕೋಟೆಗಳನ್ನೂ ಎಸೆಯಬಾರದು. ಎಷ್ಟೋ ಸಲ ಊರು, ತಾರೀಖು ಸಿಗುವುದು ಅಂಚೆ ಮುದ್ರೆಯಲ್ಲೇ.

ಮೊದಲ ಕೆಲಸವಾಗಿ 1933ರಿಂದ 1948ರವರೆಗಿನ ಕಡತಗಳಲ್ಲಿ ಇವರ ಹೆಸರುಗಳ ಪಟ್ಟಿ ಮಾಡಿಸಿ, ಎಲ್ಲರಿಗೂ ಕಾಣುವಂತೆ ಇಂಟರ್ನೆಟ್‌ನಲ್ಲಿ ಹಾಕಿ. ಕುಟುಂಬದವರು ಕೇಳಿದರೆ ಸ್ಕ್ಯಾನ್ ಪ್ರತಿಯನ್ನು ಉಚಿತವಾಗಿ ಕೊಡಿ. ಅವರ ಮನೆಯ ಪತ್ರಗಳ ಪ್ರತಿಯನ್ನು ನೀವೂ ಕೇಳಿ ಪಡೆಯಿರಿ. ಹಳೆಯ ಜರ್ಮನ್ ಕೈಬರಹ ಈಗ ಜರ್ಮನ್ನರಿಗೇ ಓದಲು ಕಷ್ಟ. ಅದನ್ನು ಬಲ್ಲವರು ಇರುವಾಗಲೇ ಓದಿಸಿಡಬೇಕು. ಈ ಕೆಲಸಕ್ಕೆ ಯಾವ ಅಧಿಕಾರಿಯನ್ನು ನೇಮಿಸುತ್ತೀರಿ, ಪಟ್ಟಿ ಯಾವಾಗ ಹೊರಬರುತ್ತದೆ ಎಂದು ದಯವಿಟ್ಟು ತಿಳಿಸಿ.

ಇಂತಿ,
ಬೆಂಗಳೂರಿನ ಒಬ್ಬ ನಾಗರಿಕ