ಹವಾಮಾನದ ಪಾಠ ಮಳೆಮಾಪಕದಿಂದ ಶುರುವಾಗಲಿ

ಮಾನ್ಯರೇ,

ಹವಾಮಾನ ಬದಲಾವಣೆಯ ಪಾಠದಲ್ಲಿ ಹಿಮಕರಡಿಯ ಚಿತ್ರಕ್ಕಿಂತ ಮಕ್ಕಳಿಗೆ ಮೊದಲು ಬೇಕಿರುವುದು ತಮ್ಮೂರಿನ ಮಳೆ ಲೆಕ್ಕ. ನೇರ ಬದಿಯ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ಆಲಿಕೆಯಂತೆ ತಲೆಕೆಳಗಾಗಿ ಕೂರಿಸಿದರೆ ಮಳೆಮಾಪಕ ಸಿದ್ಧ. ಬಾಟಲಿಯ ತಳ ಸಮವಾಗಿರುವುದಿಲ್ಲ. ಹರಳುಕಲ್ಲು ಹಾಕಿ, ಅವು ಮುಳುಗುವಷ್ಟು ನೀರು ತುಂಬಿ, ಆ ಮಟ್ಟವನ್ನು ಸೊನ್ನೆ ಎಂದು ಗುರುತಿಸದಿದ್ದರೆ ಸಣ್ಣ ಮಳೆಯ ಅಳತೆ ತಪ್ಪುತ್ತದೆ. ಮರದಡಿ, ಸೂರಿನ ಪಕ್ಕ ಇಡಲೇಬಾರದು. ಹವಾಮಾನ ಇಲಾಖೆಯಂತೆ ದಿನವೂ ಬೆಳಿಗ್ಗೆ 8.30ಕ್ಕೆ ಅಳೆದು, ನೀರನ್ನು ಮತ್ತೆ ಸೊನ್ನೆಗೆ ತರಬೇಕು.

ಎಡವಟ್ಟಾಗುವುದು ಮಕ್ಕಳು ಈ ಲೆಕ್ಕವನ್ನು ಊರಿನವರಿಗೆ ತಿಳಿಸುವಾಗ. ಒಂದು ವರ್ಷ ಮಳೆ ಕೈಕೊಟ್ಟರೆ ಅದನ್ನೇ ಹವಾಮಾನ ಬದಲಾವಣೆ ಎನ್ನಲಾಗದು. 30 ವರ್ಷಗಳ ಸರಾಸರಿಯೊಡನೆ ಹೋಲಿಸಬೇಕು. ಒಟ್ಟು ಮಳೆಯ ಜೊತೆಗೆ, 2.5 ಮಿ.ಮೀ. ಅಥವಾ ಹೆಚ್ಚು ಸುರಿದ ದಿನಗಳನ್ನೂ ಎಣಿಸಲಿ. ಒಟ್ಟು ಮಳೆ ಅಷ್ಟೇ ಇದ್ದರೂ ಅದು ನಾಲ್ಕೇ ದಿನದಲ್ಲಿ ಸುರಿದರೆ ಕೆರೆ ತುಂಬಬಹುದು, ರಾಗಿ ಮಾತ್ರ ಒಣಗುತ್ತದೆ. 1 ಮಿ.ಮೀ. ಎಂದರೆ ಚದರ ಮೀಟರಿಗೆ 1 ಲೀಟರ್ ನೀರು ಎಂದು ಬಿಡಿಸಿ ಹೇಳಲಿ. ಪಂಚಾಯಿತಿ ಗೋಡೆಯ ಪಟ್ಟಿಯಲ್ಲಿ ತಿಂಗಳ ಬದಲು ಆರಿದ್ರಾ, ಪುನರ್ವಸು ಎಂದು ಬರೆದರೆ ಹಿರಿಯರೂ ನಿಂತು ಓದುತ್ತಾರೆ. ಶಿಕ್ಷಣ ಇಲಾಖೆ ಈ ಮುಂಗಾರಿನಿಂದಲೇ ಇದನ್ನು ಶುರುಮಾಡಿಸಲಿ.

– ವಿಜ್ಞಾನ ಶಿಕ್ಷಕಿ, ಚಿತ್ರದುರ್ಗ