ಹಳೆಯ ಕೋಡ್ ಅಳಿಸುವ ಮುನ್ನ

ಚಿ. ನಂದನನಿಗೆ ಸೋದರತ್ತೆಯ ಆಶೀರ್ವಾದಗಳು.

ಇಂಟರ್‌ವ್ಯೂಗೆ ಮುಂಚೆ ಕಾಲೇಜಿನ ಕೋಡನ್ನೆಲ್ಲ, ಎಲ್ಲರಿಗೂ ಕಾಣುವಂತೆ ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಿಂದ ಅಳಿಸುತ್ತೇನೆ ಅಂದಿದ್ದೀಯ. ಸ್ವಲ್ಪ ತಡಿ. ಕಳಿಸಿದ ಫೈಲುಗಳನ್ನು ಓದಿದೆ. ನೀನು ನಾಚಿಕೊಂಡಿರುವುದು ಒಂದು ಕಡೆ, ತಪ್ಪಿರುವುದು ಇನ್ನೊಂದು ಕಡೆ.

ನೀನು ನಾಚಿಕೊಂಡ ವಾಯ್ಡ್ ಮೇನ್, ಕೋನಿಯೊ ಹೆಡರ್ ಎಂಬ ಹಳೆಯ ಶೈಲಿಯ ಸಾಲುಗಳು, ಟೆಂಪ್2ನಂಥ ಹೆಸರುಗಳು ಟರ್ಬೊ ಸಿ ಎಂಬ ಹಳೆಯ ಕಂಪೈಲರಿನ ಲ್ಯಾಬಿನಲ್ಲಿ ಕಲಿತವರ ಕೋಡಿನಲ್ಲೆಲ್ಲ ಸಿಗುತ್ತವೆ. ಅವುಗಳಿಂದ ಯಾರ ಡೇಟಾವೂ ಕೆಡುವುದಿಲ್ಲ.

ಹೆದರಬೇಕಾದ್ದು, ಇನ್‌ಪುಟ್ಟಿನ ಒಂದು ಸಾಲು ಓದುವ ಸಿ ಫಂಕ್ಷನ್ ಗೆಟ್ಸ್‌ಗೆ. ಹೆಸರು ಓದುವ ಆ ಸಾಲು ನೋಡಲು ಅಚ್ಚುಕಟ್ಟು, ಆದರೆ ಹೆಸರು ತುಂಬುವ ಅರೇ (ಮೆಮೊರಿಯಲ್ಲಿ ಕಾದಿಟ್ಟ ಜಾಗ) ಎಷ್ಟು ದೊಡ್ಡದು ಎಂದು ಗೆಟ್ಸ್‌ಗೆ ತಿಳಿಸುವ ದಾರಿಯೇ ಇಲ್ಲ. 20 ಬೈಟಿನ ಅರೇಗೆ 60 ಬೈಟ್ ಬಂದರೂ ಸುರಿದು, ಪಕ್ಕದ ಮೆಮೊರಿಯನ್ನು ಅಳಿಸುತ್ತದೆ. 1988ರಲ್ಲಿ ಇಂಟರ್ನೆಟ್ಟಿನಲ್ಲಿ ತಾನೇ ಹರಡಿದ ಮಾರಿಸ್ ವರ್ಮ್ ಎಂಬ ಪ್ರೋಗ್ರಾಮ್ ಯಂತ್ರಗಳಿಗೆ ನುಗ್ಗಿದ ದಾರಿಗಳಲ್ಲಿ ಇದೂ ಒಂದು: ಬಳಕೆದಾರರ ವಿವರ ಕೊಡುವ ಫಿಂಗರ್ ಸೇವೆ 512 ಬೈಟಿನ ಬಫರಿಗೆ (ಅದೂ ಅರೇಯೇ) ಗೆಟ್ಸ್‌ನಿಂದ ಓದುತ್ತಿತ್ತು. 2011ರ ಸಿ ಸ್ಟ್ಯಾಂಡರ್ಡ್ ಅದನ್ನು ಕಿತ್ತೇ ಹಾಕಿತು. ಬದಲಿಗೆ ಅರೇಯ ಅಳತೆ ಕೇಳುವ ಎಫ್‌ಗೆಟ್ಸ್ ಬಳಸು, ಕೊನೆಗೆ ಉಳಿಯುವ ನ್ಯೂಲೈನ್ (ಸಾಲು ಮುರಿಯುವ ಗುರುತು) ತೆಗಿ. ಅರೇಯನ್ನು ಫಂಕ್ಷನ್‌ಗೆ ಕಳಿಸಿ ಅಲ್ಲಿ ಸೈಜ್‌ಆಫ್ ಕೇಳಿದರೆ 64 ಬಿಟ್ ಯಂತ್ರದಲ್ಲಿ ಅರೇಯ ಅಳತೆಯಲ್ಲ, ಅದರ ವಿಳಾಸ ಹಿಡಿದ ಪಾಯಿಂಟರಿನ ಅಳತೆ 8 ಬೈಟ್ ಸಿಗುತ್ತದೆ. ಉದ್ದವನ್ನು ಬೇರೆಯಾಗಿಯೇ ಕಳಿಸು.

ಫೀಸಿನ ಲೆಕ್ಕ ದಶಮಾಂಶ ಸಂಖ್ಯೆ ಇಡುವ ಫ್ಲೋಟ್‌ನಲ್ಲಿದೆ. ಮೊತ್ತ 1,31,072 ರೂಪಾಯಿ ಮುಟ್ಟಿದರೆ ಸಾಕು, ಫ್ಲೋಟ್ ಹಿಡಿಯಬಲ್ಲ ಎರಡು ಅಕ್ಕಪಕ್ಕದ ಸಂಖ್ಯೆಗಳ ಅಂತರವೇ ಒಂದೂವರೆ ಪೈಸೆಗಿಂತ ಹೆಚ್ಚು. ಪೈಸೆ ತಾಳೆಯಾಗುವುದಾದರೂ ಹೇಗೆ? ಎಲ್ಲವನ್ನೂ ಪೈಸೆಯಲ್ಲೇ, 64 ಬಿಟ್ ಪೂರ್ಣಾಂಕದಲ್ಲಿ ಇಡು. ತೋರಿಸುವಾಗ ಮಾತ್ರ ನೂರರಿಂದ ಭಾಗಿಸು.

ಪದ ತಿರುಗಿಸುವ ಪ್ರೋಗ್ರಾಮ್ ಇಂಗ್ಲಿಷಿಗೆ ಸರಿಯಾಗಿಯೇ ಇದೆ. ಅದಕ್ಕೆ ‘ಮೈಸೂರು’ ಕೊಟ್ಟು ನೋಡು. ನಮ್ಮ ಕಣ್ಣಿಗೆ 3 ಅಕ್ಷರ, ಯೂನಿಕೋಡಿನಲ್ಲಿ 6 ಸಂಕೇತ (ವ್ಯಂಜನ, ಸ್ವರಚಿಹ್ನೆ ಬೇರೆ ಬೇರೆ), ಅವನ್ನು ಬೈಟುಗಳಾಗಿ ಇಡುವ ಯುಟಿಎಫ್-8ರಲ್ಲಿ 18 ಬೈಟ್. ಬೈಟ್ ತಿರುಗಿಸಿದರೆ ಬರೀ ಕಸ. ಪೈಥಾನಿನಲ್ಲಿ ಬರೆದು ಸಂಕೇತಗಳನ್ನು ತಿರುಗಿಸಿದರೂ ಸ್ವರಚಿಹ್ನೆಗಳು ತಮ್ಮ ವ್ಯಂಜನ ಬಿಟ್ಟು ಪಕ್ಕದ್ದಕ್ಕೆ ಅಂಟಿ, ಮೊದಲ ಉಕಾರ ಆಸರೆಯಿಲ್ಲದೆ ನಿಲ್ಲುತ್ತದೆ. ಅಕ್ಷರಗುಚ್ಛಗಳಾಗಿ ಒಡೆಯುವ ಲೈಬ್ರರಿ ಬಳಸಿದರೆ ‘ರುಸೂಮೈ’ ಬರುತ್ತದೆ. ಇದನ್ನು ಯಾವ ಲ್ಯಾಬ್ ಮ್ಯಾನುಯಲ್ ಕೇಳೀತು, ಬಿಡು.

ಒಂದೇ ಪ್ರೋಗ್ರಾಮ್ ಆರಿಸಿಕೊಂಡು ತಿದ್ದು, ಫೀಸಿನದೇ ಆಗಲಿ. ಮೊದಲು ಏನೂ ಮುಟ್ಟದೆ ಏಳೆಂಟು ಇನ್‌ಪುಟ್ ಕೊಟ್ಟು ಔಟ್‌ಪುಟ್ ಉಳಿಸಿಕೊ: ಖಾಲಿ ಹೆಸರು, ಉದ್ದದ ಹೆಸರು, ಸೊನ್ನೆ ರೂಪಾಯಿ, ದೊಡ್ಡ ಮೊತ್ತ. ಆಮೇಲೆ ಜಿಸಿಸಿ ಕಂಪೈಲರಿನಲ್ಲಿ ಎಲ್ಲ ವಾರ್ನಿಂಗ್ ತೆರೆದು, ಮೆಮೊರಿಯ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಹಾಕಿ ಓಡಿಸು. ಅರೇ ದಾಟಿ ಬರೆದ ಸಾಲಿನ ನಂಬರನ್ನೇ ಕೊಡುತ್ತದೆ, ಕಂಪೈಲ್ ಮಾಡುವಾಗ ಡಿಬಗ್ ಮಾಹಿತಿ ಇರಬೇಕಷ್ಟೆ. ಹೆಸರು ಬದಲಿಸಿದ ಕಮಿಟ್ (ಉಳಿಸಿಟ್ಟ ಒಂದು ಬದಲಾವಣೆ) ಬೇರೆ, ಬಗ್ ತಿದ್ದಿದ ಕಮಿಟ್ ಬೇರೆ ಇರಲಿ. ಎರಡನ್ನೂ ಒಟ್ಟಿಗೆ ಮಾಡಿದರೆ ಔಟ್‌ಪುಟ್ ಬದಲಾದಾಗ ಯಾವುದರಿಂದ ಅಂತ ಹುಡುಕುತ್ತಾ ಕೂರಬೇಕಾಗುತ್ತದೆ.

ಉಳಿದವನ್ನು ಪ್ರೈವೇಟ್ ಮಾಡಿಡು.

ಮೂರನೇ ಫೋಲ್ಡರಿನ ಕಾನ್ಫಿಗ್ ಫೈಲಿನಲ್ಲಿ ಡೇಟಾಬೇಸಿನ ಪಾಸ್‌ವರ್ಡ್ ಇದೆ. ಫೈಲ್ ಅಳಿಸಿ ಕಮಿಟ್ ಮಾಡಿದರೆ ಸಾಲದು, ಹಳೆಯ ಕಮಿಟ್‌ಗಳಲ್ಲಿ ಅದು ಹಾಗೇ ಇರುತ್ತದೆ. ಫಿಲ್ಟರ್-ರೆಪೋ ಎಂಬ ಸಾಧನದಿಂದ ಆ ಕಮಿಟ್ಟುಗಳ ಚರಿತ್ರೆ ತೊಳೆದರೂ ಈಗಾಗಲೇ ಕ್ಲೋನ್ (ಪೂರ್ತಿ ನಕಲು) ಮಾಡಿದವರ ಬಳಿ ಉಳಿದಿರುತ್ತದೆ. ಆದ್ದರಿಂದ ಮೊದಲು ಪಾಸ್‌ವರ್ಡನ್ನೇ ಬದಲಿಸು. ಅದೇ ಪಾಸ್‌ವರ್ಡ್ ಇಮೇಲಿಗೂ ಇಟ್ಟಿದ್ದರೆ ಅಲ್ಲಿಯೂ. ಇದನ್ನು ಇವತ್ತು ರಾತ್ರಿ ಊಟಕ್ಕೆ ಮುಂಚೆಯೇ ಮಾಡು, ಮಿಕ್ಕಿದ್ದು ಭಾನುವಾರಕ್ಕೆ ಇರಲಿ.

ಇಂತಿ,
ನಿನ್ನ ಅತ್ತೆ