ಮಗಳಿಗೊಂದು ಪತ್ರ: ನಿಧಾನದ ಕಿಣ್ವ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ನೀನು ಕಳುಹಿಸಿದ ವಂಶವಾಹಿ ಪರೀಕ್ಷೆಯ ವರದಿಯನ್ನು ಎರಡು ಸಲ ಓದಿದೆ. ನೀನು ಕೆಂಪು ಶಾಯಿಯಲ್ಲಿ ಗೆರೆ ಎಳೆದಿರುವ ‘ನ್ಯಾಟ್-2, ನಿಧಾನದ ಬಗೆ’ ಎಂಬ ಸಾಲನ್ನು ನಾನು ಬಹಳ ಹಿಂದೆಯೇ ನಿನ್ನ ಅಜ್ಜನ ಪಾದಗಳಲ್ಲಿ ಕಂಡಿದ್ದೆನೇನೋ. ಕ್ಷಯಕ್ಕೆ ಐಸೋನಿಯಾಜಿಡ್ ಮಾತ್ರೆ ಆರಂಭಿಸಿದ ಕೆಲವು ತಿಂಗಳಲ್ಲಿ ಅವರ ಅಂಗಾಲು ಜುಮುಗುಟ್ಟಿ ಉರಿಯತೊಡಗಿತು. ರಾತ್ರಿ ಹೊದಿಕೆಯ ಅಂಚು ತಗುಲಿದರೂ ಕಾಲು ಎಳೆದುಕೊಳ್ಳುತ್ತಿದ್ದರು. ವೈದ್ಯರು ಬಿ6 ಜೀವಸತ್ವ ಸೇರಿಸಿದ ಮೇಲೆ ಉರಿ ಇಳಿಯಿತು. ಯಕೃತ್ತಿನಲ್ಲಿ ಆ ಔಷಧಿಗೆ ಅಸಿಟೈಲ್ ಗುಂಪನ್ನು ಅಂಟಿಸಿ ಅದನ್ನು ನಿಷ್ಕ್ರಿಯಗೊಳಿಸುವ ಕಿಣ್ವವೇ ನ್ಯಾಟ್-2, ಮತ್ತು ಅದು ಕೆಲವರಲ್ಲಿ ನಿಧಾನವೆಂದು 1950ರ ದಶಕದಲ್ಲಿ ತಿಳಿದುಬಂದದ್ದೇ ಈ ಮಾತ್ರೆಯ ದೆಸೆಯಿಂದ. ಅಜ್ಜನಿಗೆ ಯಾರೂ ವಂಶವಾಹಿ ಪರೀಕ್ಷೆ ಮಾಡಿಸಲಿಲ್ಲ, ಆದರೂ ಅವರದು ನಿಧಾನದ ಬಗೆಯೇ ಎಂದು ನನ್ನ ಊಹೆ. ನಿಧಾನದ ಬಗೆಯಾಗಲು ಈ ಕಿಣ್ವದ ವಂಶವಾಹಿಯ ನಿಧಾನದ ಪ್ರತಿಗಳು ಎರಡು ಬೇಕು. ಒಂದನ್ನು ನಾನು ಕೊಟ್ಟೆ, ಇನ್ನೊಂದನ್ನು ನಿನ್ನ ಅಮ್ಮ. ಬೈಯುವುದಿದ್ದರೆ ಇಬ್ಬರನ್ನೂ ಸಮನಾಗಿ ಬೈ.

ಇನ್ನು ನಿನ್ನನ್ನು ಹೆದರಿಸಿದ ಕ್ಯಾನ್ಸರಿನ ಮಾತು. ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಗಡ್ಡೆಗಳು ಕಾಣಿಸಿಕೊಳ್ಳುತ್ತಿರುವುದನ್ನು ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೆನ್ 1895ರಲ್ಲಿಯೇ ವರದಿ ಮಾಡಿದ್ದರು. ಅದರ ಹಿಂದಿದ್ದ ಆರೊಮ್ಯಾಟಿಕ್ ಅಮೀನ್‌ಗಳೆಂಬ ರಾಸಾಯನಿಕಗಳು ತಂಬಾಕಿನ ಹೊಗೆಯಲ್ಲಿಯೂ ಇವೆ. ಯಕೃತ್ತಿನಲ್ಲಿ ನ್ಯಾಟ್-2 ಬೇಗ ಕೈ ಹಾಕಿದರೆ ಅವುಗಳ ಹಲ್ಲು ಕಿತ್ತಂತೆ. ತಡಮಾಡಿದರೆ ಬೇರೊಂದು ಕಿಣ್ವ ಅವುಗಳನ್ನು ಇನ್ನಷ್ಟು ಚುರುಕಾದ ರೂಪಕ್ಕೆ ತಿರುಗಿಸುತ್ತದೆ, ಆ ರೂಪವು ಮೂತ್ರದೊಡನೆ ಮೂತ್ರಕೋಶವನ್ನು ಸೇರಿ ಅಲ್ಲಿನ ಜೀವಕೋಶಗಳ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ನಿಧಾನದ ಬಗೆಯವರಿಗೆ ಮೂತ್ರಕೋಶದ ಕ್ಯಾನ್ಸರಿನ ಸಂಭವ ಉಳಿದವರಿಗಿಂತ ಸುಮಾರು 1.4 ಪಟ್ಟು ಎಂದು ದೊಡ್ಡ ಅಧ್ಯಯನಗಳು ಹೇಳುತ್ತವೆ, ಆದರೆ ಆ ಹೆಚ್ಚಳ ಮುಖ್ಯವಾಗಿ ಕಾಣುವುದು ಧೂಮಪಾನಿಗಳಲ್ಲಿ. ಧೂಮಪಾನವೊಂದೇ ಈ ರೋಗದ ಸಂಭವವನ್ನು ಸುಮಾರು 3 ಪಟ್ಟು ಮಾಡುತ್ತದೆ.

ನಿಧಾನವೆಂದರೆ ಎಲ್ಲೆಡೆಯೂ ಕೆಟ್ಟದ್ದೆಂದು ತಿಳಿಯಬೇಡ. ಬೆಂಜಿಡೀನ್ ಎಂಬ ಬಣ್ಣದ ರಾಸಾಯನಿಕದೊಡನೆ ದುಡಿದ ಚೀನಾದ ಕೆಲಸಗಾರರಲ್ಲಿ ನಿಧಾನದ ಬಗೆಯವರಿಗೆ ಹೆಚ್ಚಿನ ಅಪಾಯ ಕಂಡುಬರಲಿಲ್ಲ. ಒಂದೇ ಕಿಣ್ವ ಒಂದು ವಿಷಕ್ಕೆ ಮದ್ದು, ಇನ್ನೊಂದಕ್ಕೆ ಅಷ್ಟಕ್ಕಷ್ಟೆ. ವರದಿಯಲ್ಲಿ ‘ಜಿಎಸ್‌ಟಿಎಂ1 ಇಲ್ಲ’ ಎಂದಿರುವುದಕ್ಕೂ ಗಾಬರಿ ಬೇಡ. ಅದೂ ವಿಷಗಳನ್ನು ನಿಷ್ಕ್ರಿಯಗೊಳಿಸುವ ಕಿಣ್ವವೊಂದರ ವಂಶವಾಹಿ; ಯುರೋಪ್ ಮೂಲದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಆ ವಂಶವಾಹಿಯೇ ಇಲ್ಲ, ಅವರಲ್ಲಿ ಬಹುಪಾಲು ಜನ ಅದರ ಸುಳಿವೂ ಇಲ್ಲದೆ ಬಾಳುತ್ತಾರೆ. ಸ್ತನ ಕ್ಯಾನ್ಸರಿನ ಸಂಭವವನ್ನು ಬಹಳ ಹೆಚ್ಚಿಸುವ ಬಿಆರ್‌ಸಿಎ1 ವಂಶವಾಹಿಯ ದೋಷದಂತಹ ಭಾರೀ ಆನುವಂಶಿಕ ಅಪಾಯದ ಸಾಲಿನಲ್ಲಿ ಇವೆರಡನ್ನೂ ನಿಲ್ಲಿಸಲಾಗದು.

ನಿನ್ನ ಕೈಚೀಲದ ಒಳಜೇಬಿನಲ್ಲಿರುವ ಸಿಗರೇಟಿನ ಪೊಟ್ಟಣ ನನಗೆ ಗೊತ್ತಿಲ್ಲವೆಂದು ನೀನು ಎಣಿಸಿದ್ದರೆ ಅದು ತಪ್ಪು. ಇಷ್ಟು ದಿನ ಸುಮ್ಮನಿದ್ದುದು ನನ್ನ ಹೇಡಿತನ. ನಾವಿಬ್ಬರೂ ನಿನಗೆ ಕೊಟ್ಟ ಕಿಣ್ವವನ್ನು ಬದಲಿಸಲಾಗದು. ಅದಕ್ಕೆ ಹೊರೆಯಾಗಿರುವ ಹೊಗೆಯನ್ನು ಮಾತ್ರ ನೀನು ನಿಲ್ಲಿಸಬಹುದು. ಮುಂದೆ ಎಂದಾದರೂ ನಿನಗೆ ಐಸೋನಿಯಾಜಿಡ್ ಬರೆದುಕೊಟ್ಟರೆ ಈ ವರದಿಯನ್ನು ವೈದ್ಯರಿಗೆ ತೋರಿಸು, ಬಿ6 ಮೊದಲ ದಿನದಿಂದಲೇ ಬೇಕೇ ಎಂದು ಕೇಳು.

ನಿನ್ನ ಅಪ್ಪ